ಕೇಳುವವರು ಯಾರ ಕಡೆಯವರು?

ಗಂಡನ ಮನೆಯಲ್ಲಿ ಹೊಡೆತ ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ ನಮ್ಮ ಸಮಾಜ ಮೊದಲು ಕೊಡುವುದು ಬುದ್ಧಿಮಾತನ್ನು. 'ಮಕ್ಕಳ ಮುಖ ನೋಡು', 'ಗಂಡಸರ ಕೋಪ ಎಷ್ಟು ಹೊತ್ತು', 'ಹೊಂದಿಕೊಂಡು ಹೋಗುವುದನ್ನು ಕಲಿ'. ಇವನ್ನೆಲ್ಲ ಕೇಳಿ ಕೇಳಿ ಸಾಕಾದವಳಿಗೆ ಈಗ ಹೊಸದೊಂದು ಮಾತೂ ಕೇಳಿಸುತ್ತಿದೆ: 'ಕೌನ್ಸೆಲಿಂಗಿಗೆ ಹೋಗು'. ಪೊಲೀಸ್ ಠಾಣೆಯಲ್ಲಿ ಅದೇ, ಕೋರ್ಟಿನಲ್ಲಿ ಅದೇ, ಆಸ್ಪತ್ರೆಯಲ್ಲೂ ಅದೇ. ಶಬ್ದ ಒಂದೇ, ಆದರೆ ಒಳಗಿರುವುದು ಬೇರೆ ಬೇರೆ. ಠಾಣೆಯಲ್ಲಿ ಅದರ ಅರ್ಥ ರಾಜಿ. ಕೋರ್ಟಿನಲ್ಲಿ ವಾಯಿದೆ. ನಿಜವಾಗಿ ಅದು ಏನಾಗಿರಬೇಕಿತ್ತೋ ಅದು, ಅಂದರೆ ನೊಂದವಳ ಮಾತನ್ನು ಕೇಳಿ ಅವಳ ಮನಸ್ಸಿಗೆ ಬಲ ತುಂಬುವ ಚಿಕಿತ್ಸೆ, ಸಿಗುವುದು ತೀರಾ ಕಡಿಮೆ. ಈ ಮಾತಿನ ಚಿಕಿತ್ಸೆಯ ಬಗ್ಗೆ ಮಹಿಳಾ ಸಂಘಟನೆಗಳಾದ ನಾವು ಗಂಭೀರವಾಗಿ ಚರ್ಚಿಸಬೇಕಾದ ಕಾಲ ಬಂದಿದೆ.

ಚರ್ಚೆಯನ್ನು ಬೆಂಗಳೂರಿನಿಂದ ಬೇಡ, ಮಂಗಳೂರಿನ ಬೆಂಗ್ರೆಯಿಂದ ಆರಂಭಿಸೋಣ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಗುರುಪುರ ಹೊಳೆ, ನಡುವೆ ಅಳಿವೆಬಾಗಿಲಿನವರೆಗೆ ಚಾಚಿಕೊಂಡಿರುವ ಮರಳಿನ ಪಟ್ಟಿ ಅದು. ಮೊಗವೀರರು, ಬ್ಯಾರಿಗಳು ಒತ್ತೊತ್ತಾಗಿ ಮನೆ ಕಟ್ಟಿಕೊಂಡು ಬದುಕುವ ಜಾಗ. ಎದುರಿಗೇ ಬಂದರು, ದಕ್ಕೆ. ಹೊಳೆ ದಾಟಿದರೆ ಕೆಲವೇ ನಿಮಿಷಗಳಲ್ಲಿ ಪೇಟೆ. ಅಲ್ಲಿಂದ 1848ರಷ್ಟು ಹಳೆಯದಾದ ವೆನ್ಲಾಕ್ ಆಸ್ಪತ್ರೆಯೂ ದೂರವಲ್ಲ. ಮೆಡಿಕಲ್ ಕಾಲೇಜುಗಳಿಗಂತೂ ಮಂಗಳೂರಿನಲ್ಲಿ ಬರವೇ ಇಲ್ಲ. ಹಾಗಿದ್ದರೆ ಬೆಂಗ್ರೆಯ ಹೆಂಗಸಿಗೆ ಮನಸ್ಸಿನ ಡಾಕ್ಟರು ಏಕೆ ದೂರ?

ದೂರ ಇರುವುದು ಹೊಳೆಯಿಂದಲ್ಲ. ದೋಣಿಯಲ್ಲಿ ಕುಳಿತವರೆಲ್ಲ ಪರಿಚಯದವರು. 'ಎಲ್ಲಿಗೆ ಹೊರಟದ್ದು?' ಎಂಬ ಪ್ರಶ್ನೆಗೆ ಉತ್ತರ ಬೇಕು. ಮೀನು ಮಾರಲು ಹೊರಟವಳಿಗೆ ತಲೆಯ ಮೇಲಿನ ಬುಟ್ಟಿಯೇ ಉತ್ತರ. ಮಗುವಿಗೆ ಜ್ವರವಾದರೆ ಕಂಕುಳಲ್ಲಿರುವ ಮಗುವೇ ಉತ್ತರ. ತನ್ನ ಮನಸ್ಸಿಗೆ ಹುಷಾರಿಲ್ಲ ಎಂದು ಹೊರಟವಳ ಕೈಯಲ್ಲಿ ತೋರಿಸಲು ಏನಿದೆ? ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುತ್ತದೆ, 'ನಿಮ್ಮ ಸೊಸೆಗೆ ತಲೆ ಸರಿಯಿಲ್ಲವಂತೆ'. ನಾಳೆ ವಿಚ್ಛೇದನದ ಅರ್ಜಿಯಲ್ಲಿ ಅದೇ ಮಾತು ಅವಳ ವಿರುದ್ಧದ ಸಾಕ್ಷಿಯಾದರೂ ಆಶ್ಚರ್ಯವಿಲ್ಲ.

ಮಾತಿಗೆ ಮಾತ್ರ ಈ ಕರಾವಳಿಯ ಹೆಂಗಸರಲ್ಲಿ ಕೊರತೆಯಿಲ್ಲ. ತಡ್ಪೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವವರು, ಮೀನು ಒಣಹಾಕುವವರು, ದಕ್ಕೆಯಲ್ಲಿ ಏಲಂಗೆ ಕಾದು ಕೂತವರು ದಿನವಿಡೀ ಮಾತಾಡುತ್ತಾರೆ. ಆ ಮಾತಿನಲ್ಲಿ ನಗೆಯಿದೆ, ಒಬ್ಬರಿಗೊಬ್ಬರು ಆಸರೆಯೂ ಇದೆ. ಆದರೆ ತನ್ನ ಮನೆಯೊಳಗಿನ ಹೊಡೆತದ ಸುದ್ದಿ ಬಂದಾಗ ಮಾತು ನಿಲ್ಲುತ್ತದೆ. ಹೆಚ್ಚೆಂದರೆ 'ಮಂಡೆಬಿಸಿ' ಎಂದು ಒಂದೇ ಶಬ್ದದಲ್ಲಿ ಮುಗಿಸುತ್ತಾರೆ. ನಿದ್ದೆ ಇಲ್ಲದಿರುವುದು, ಅನ್ನ ಸೇರದಿರುವುದು, ಎದೆ ಡವಡವ ಎನ್ನುವುದು, 'ಹೊಳೆಗೆ ಹಾರಿಬಿಡಲೇ' ಎನಿಸುವುದು ಎಲ್ಲವೂ ಆ ಒಂದು ಮಂಡೆಬಿಸಿಯಲ್ಲಿ ಅಡಗಿಕೊಂಡಿದೆ.

ಇಲ್ಲೊಂದು ಮಾತು ಹೇಳಲೇಬೇಕು. ಮೊಗವೀರರದು ಅಳಿಯಸಂತಾನದ ಕಟ್ಟು. ಆ ಕಟ್ಟಿನಲ್ಲಿ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನದೇ ಆಗಿದ್ದರೂ ಹೆಣ್ಣಿಗೆ ತಾಯಿಮನೆಯಲ್ಲಿ ಹಕ್ಕಿತ್ತು, ಗಂಡನ ಮನೆ ಬಿಟ್ಟು ಬಂದವಳು ನೆಂಟಳಾಗಿರಲಿಲ್ಲ. ಇಂಥ ನಾಡಿನಲ್ಲೂ ವರದಕ್ಷಿಣೆ ಕಾಲೂರಿತು. ಬಂಗಾರ ಎಷ್ಟು ಪವನು ಎಂಬುದು ಮದುವೆಯ ಮೊದಲ ಪ್ರಶ್ನೆಯಾಯಿತು. ಬ್ಯಾರಿ ಮನೆಗಳಲ್ಲಿ ಮಗಳ ಮದುವೆಗೆಂದು ಮಾಡಿದ ಸಾಲ ತೀರಿಸಲು ತಾಯಂದಿರು ಬೀಡಿ ಕಟ್ಟುತ್ತಾರೆ. ಹಿಂದೆ ತಿರುಗಿ ಬರಲು ಮನೆಯಿದ್ದವಳಿಗೆ ಈಗ ಸಾಲವಿದೆ. ಅವಳ ಮಂಡೆಬಿಸಿಗೆ ಕಾರಣ ಅವಳ ಮಂಡೆಯೊಳಗೇ ಇದೆ ಎಂದು ಹೇಳುವ ಯಾವ ಚಿಕಿತ್ಸೆಯನ್ನೂ ನಾವು ಒಪ್ಪಲಾರೆವು.

ಹಾಗೆಂದು ಮಾತಿನ ಚಿಕಿತ್ಸೆಯನ್ನು ತಳ್ಳಿಹಾಕುವುದೂ ತಪ್ಪು. ಅದರ ಹುಟ್ಟಿನಲ್ಲೇ ಒಬ್ಬ ಹೆಣ್ಣಿದ್ದಾಳೆ. 1880ರಿಂದ 1882ರವರೆಗೆ ವಿಯೆನ್ನಾದಲ್ಲಿ ವೈದ್ಯ ಬ್ರಾಯರ್ ಬಳಿ ಚಿಕಿತ್ಸೆ ಪಡೆದ ತರುಣಿಯೊಬ್ಬಳು ತನ್ನ ಕಥೆಗಳನ್ನು ಹೇಳಿಕೊಂಡು ಹಗುರಾಗುವ ಆ ಕ್ರಮಕ್ಕೆ ತಾನೇ 'ಮಾತಿನ ಚಿಕಿತ್ಸೆ' ಎಂದು ಹೆಸರಿಟ್ಟಳು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಆಕೆಯ ಕಥೆಯನ್ನು 'ಅನ್ನಾ ಓ' ಎಂಬ ಸುಳ್ಳು ಹೆಸರಿನಲ್ಲಿ ಪ್ರಕಟಿಸಿದರು. ಕೀರ್ತಿ ಅವರಿಗೆ ಬಂತು. ಆಕೆಯ ನಿಜವಾದ ಹೆಸರು ಬರ್ತಾ ಪಾಪೆನ್‌ಹೈಮ್. 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಒಕ್ಕೂಟವನ್ನು ಕಟ್ಟಿ, ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಜೀವನಪೂರ್ತಿ ಹೋರಾಡಿದವಳು ಇದೇ ಬರ್ತಾ. ಮನೋವಿಜ್ಞಾನದ ಪಾಠಗಳಲ್ಲಿ ರೋಗಿಯ ಕಥೆ ಬರುತ್ತದೆ, ಹೋರಾಟಗಾರ್ತಿಯ ಕಥೆ ಬರುವುದು ಅಪರೂಪ.

ಅಲ್ಲಿಂದೀಚೆಗೆ ಮಾತಿನ ಚಿಕಿತ್ಸೆಯಲ್ಲಿ ಹಲವು ದಾರಿಗಳಾಗಿವೆ. ಬಾಲ್ಯದ ಬುಡಕ್ಕೆ ಹೋಗಿ ವರ್ಷಗಟ್ಟಲೆ ಅಗೆಯುವ ಮನೋವಿಶ್ಲೇಷಣೆ ಕಾಸಿದ್ದವರಿಗೆ, ಪುರುಸೊತ್ತಿದ್ದವರಿಗೆ. ಅದನ್ನು ಇಲ್ಲಿಗೇ ಬಿಡೋಣ. ಕಾರ್ಲ್ ರೋಜರ್ಸ್ ತೋರಿಸಿದ ದಾರಿ ನಮಗೆ ಹತ್ತಿರದ್ದು. ಬುದ್ಧಿ ಹೇಳದೆ, ತೀರ್ಪು ಕೊಡದೆ, ಎದುರಿಗಿರುವವಳನ್ನು ಗೌರವದಿಂದ ಕೇಳುವುದು ಅದರ ಜೀವಾಳ. ಕೇಳಲು ಸುಲಭ, ಮಾಡಲು ಕಷ್ಟ. ನಮ್ಮಲ್ಲಿ ಎಷ್ಟು ಜನಕ್ಕೆ ಹತ್ತು ನಿಮಿಷ ಬುದ್ಧಿ ಹೇಳದೆ ಕೂರಲು ಬರುತ್ತದೆ?

ಇಂದು ಆಸ್ಪತ್ರೆಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಸಿಬಿಟಿ. ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಕ್ರಮದಿಂದ ಬೆಳೆದದ್ದು. ನಮ್ಮ ಯೋಚನೆ, ಭಾವನೆ, ನಡವಳಿಕೆ ಒಂದಕ್ಕೊಂದು ಹೆಣೆದುಕೊಂಡಿವೆ. ತಪ್ಪು ಯೋಚನೆಯನ್ನು ಗುರುತಿಸಿ ಪರೀಕ್ಷಿಸಿದರೆ ಭಾವನೆಯೂ ಸಡಿಲಾಗುತ್ತದೆ ಎಂಬುದು ಅದರ ತಿರುಳು. 'ನಾನು ಕೆಲಸಕ್ಕೆ ಬಾರದವಳು, ಹೊಡೆಸಿಕೊಳ್ಳುವುದೇ ನನಗೆ ಸರಿ' ಎಂದು ನಂಬಿದವಳಿಗೆ ಇದು ನಿಜಕ್ಕೂ ಔಷಧ. ಆ ನಂಬಿಕೆ ಎಲ್ಲಿಂದ ಬಂತು, ಯಾರು ದಿನಾ ಹೇಳಿ ಹೇಳಿ ಅದನ್ನು ತಲೆಯಲ್ಲಿ ಕೂರಿಸಿದರು, ಅದಕ್ಕೆ ಪುರಾವೆ ಏನು ಎಂದು ಅವಳೇ ಕೇಳಿಕೊಳ್ಳಲು ಕಲಿಯುತ್ತಾಳೆ. ಆದರೆ 'ಇವತ್ತು ರಾತ್ರಿ ಅವನು ಹೊಡೆಯುತ್ತಾನೆ' ಎಂಬ ಅವಳ ಭಯ ತಪ್ಪು ಯೋಚನೆಯಲ್ಲ. ಅದು ಲೆಕ್ಕ. ಅದನ್ನು ತಿದ್ದಲು ಹೊರಟ ಚಿಕಿತ್ಸಕ ಅವಳ ಜೀವಕ್ಕೇ ಸಂಚಕಾರ ತರುತ್ತಾನೆ.

ಸಂಬಂಧಗಳಲ್ಲಿ ಆದ ನಷ್ಟ, ಜಗಳ, ಬದಲಾದ ಪಾತ್ರಗಳನ್ನು ಕುರಿತು ಮಾತಾಡಿಸುವ ಚಿಕಿತ್ಸೆ ಇನ್ನೊಂದು. ಮದುವೆಯಾಗಿ ಬಂದ ಹೊಸ ಮನೆ, ಬಿಟ್ಟುಬಂದ ತವರು, ಸತ್ತ ಕೂಸು ಮುಂತಾದ ಸಂಕಟಗಳಿಗೆ ಇದು ಹೊಂದುತ್ತದೆ. ಮನಸ್ಸು ಕುಸಿದು ಮೂಲೆ ಹಿಡಿದವಳನ್ನು ಚಿಕ್ಕ ಚಿಕ್ಕ ಕೆಲಸಗಳ ಮೂಲಕ ಮತ್ತೆ ಬದುಕಿಗೆ ಎಳೆಯುವ ಕ್ರಮವಿದೆ. ಸಮಸ್ಯೆಯನ್ನು ತುಂಡು ಮಾಡಿ, ಈ ವಾರ ಯಾವ ತುಂಡನ್ನು ಬಿಡಿಸಬಹುದು ಎಂದು ಯೋಚಿಸುವ ಕ್ರಮವೂ ಇದೆ. ದೀರ್ಘ ಹಿಂಸೆಯಿಂದ ಜರ್ಜರಿತರಾದವರ ಬಗ್ಗೆ ಜೂಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಅಳು, ಕೊನೆಗೆ ಜನರ ನಡುವೆ ಮರಳುವುದು. ಈ ಅನುಕ್ರಮವನ್ನು ತಲೆಕೆಳಗು ಮಾಡಿ, ಹೊಡೆಯುವವನ ಮನೆಯಲ್ಲೇ ಇರುವವಳಿಂದ ಹಳೆಯ ಗಾಯಗಳನ್ನೆಲ್ಲ ಹೇಳಿಸುವುದು ಕ್ರೌರ್ಯವಾಗುತ್ತದೆ.

ಗುಂಪು ಚಿಕಿತ್ಸೆಯ ಬಗ್ಗೆ ನಮಗೆ ವಿಶೇಷ ಮಮತೆ ಇದ್ದರೆ ಅದು ಸಹಜ. 'ನನಗೊಬ್ಬಳಿಗೇ ಹೀಗೆ' ಎಂಬ ನಾಚಿಕೆ ಹತ್ತು ಹೆಂಗಸರ ನಡುವೆ ಕೂತಾಗ ಕರಗುವಷ್ಟು ಬೇಗ ಬೇರೆಲ್ಲೂ ಕರಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44 ಮಂದಿ ಗಂಡನ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಅದು ಸುಮಾರು ಶೇ. 21 ಇತ್ತು. ಇಷ್ಟು ಜನರಿಗೆ ಆದದ್ದು ಯಾರೊಬ್ಬಳ ಹಣೆಬರಹವೂ ಆಗಿರಲಾರದು ಎಂಬುದು ಗುಂಪಿನಲ್ಲಿ ತಾನಾಗಿ ತಿಳಿಯುತ್ತದೆ.

ಇನ್ನು ಗಂಡ-ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಚಿಕಿತ್ಸೆ. ಜಗಳವಿರುವಲ್ಲಿ ಅದು ಸರಿ. ಹೊಡೆತವಿರುವಲ್ಲಿ ಖಂಡಿತ ಸಲ್ಲದು. ಪಕ್ಕದಲ್ಲಿ ಅವನನ್ನು ಕೂರಿಸಿಕೊಂಡು ಅವಳು ನಿಜ ಹೇಳುತ್ತಾಳೆಯೇ? ಹೇಳಿದರೆ ವಾಪಸು ದೋಣಿ ಹತ್ತಿ ಮನೆ ಸೇರಿದ ಮೇಲೆ ಏನಾದೀತು? 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ 14ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ಇಬ್ಬರಿಗೂ ಒಟ್ಟಿಗೆ ಅಥವಾ ಬೇರೆ ಬೇರೆಯಾಗಿ ಆಪ್ತ ಸಮಾಲೋಚನೆ ಕೊಡಿಸಬಹುದು. ಆ 'ಬೇರೆ ಬೇರೆಯಾಗಿ' ಎಂಬ ಶಬ್ದವನ್ನು ನಮ್ಮ ವಕೀಲರು ಗಟ್ಟಿಯಾಗಿ ಹಿಡಿಯಬೇಕು. 2006ರ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ: ತಾನು ಏಕೆ ಹೊಡೆದೆ ಎಂಬ ಸಮರ್ಥನೆಗೆ ಸಮಾಲೋಚನೆಯಲ್ಲಿ ಗಂಡನಿಗೆ ಅವಕಾಶವೇ ಇಲ್ಲ. 'ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ' ಎಂಬಲ್ಲಿಂದಲೇ ಆರಂಭವಾಗುವ ರಾಜಿ ಪಂಚಾಯಿತಿಗಳು ಈ ನಿಯಮವನ್ನು ಒಮ್ಮೆಯಾದರೂ ಓದಿದ್ದಾವೆಯೇ?

ರಾಜಿಯ ಒತ್ತಡ ಮೇಲಿನಿಂದಲೂ ಇಳಿಯುತ್ತಿದೆ. 498-ಎ ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿಗಳು ನೋಡಲಿ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು, 2018ರಲ್ಲಿ ಅದೇ ಕೋರ್ಟು ಆ ಸಮಿತಿಗಳನ್ನು ಕೈಬಿಟ್ಟಿತು. 2025ರ ಜುಲೈಯಲ್ಲಿ ಅಲಹಾಬಾದ್ ಹೈಕೋರ್ಟಿನ ಅದೇ ಬಗೆಯ ಸೂತ್ರಗಳಿಗೆ, ಎರಡು ತಿಂಗಳ ಕಾಯುವಿಕೆಯೂ ಸೇರಿದಂತೆ, ಸುಪ್ರೀಂ ಕೋರ್ಟಿನ ಸಮ್ಮತಿ ಸಿಕ್ಕಿತು. ಹೊಡೆತ ತಿನ್ನುವವಳಿಗೆ ಎರಡು ತಿಂಗಳು ಎಂದರೆ ಎಷ್ಟು ರಾತ್ರಿ ಎಂದು ಯಾರೂ ಎಣಿಸಿದಂತಿಲ್ಲ. ಇಂಥ ಸಮಿತಿಗೂ ಮಾತಿನ ಚಿಕಿತ್ಸೆಗೂ ಇರುವ ವ್ಯತ್ಯಾಸ ಒಂದೇ ವಾಕ್ಯದಲ್ಲಿ ಹೇಳುವಂಥದ್ದು: ಅಲ್ಲಿ ಉಳಿಸಬೇಕಾದ್ದು ಮದುವೆಯನ್ನು, ಇಲ್ಲಿ ಉಳಿಸಬೇಕಾದ್ದು ಅವಳನ್ನು.

ಹಾಗಾದರೆ ಬೆಂಗ್ರೆಯಲ್ಲಿ ಯಾರು ಕೇಳಬೇಕು? ಮನೋವೈದ್ಯರು ಬಂದು ಕೂರಲಿ ಎಂದು ಕಾಯುವುದು ವ್ಯರ್ಥ. ಕಾಯಬೇಕಾಗಿಯೂ ಇಲ್ಲ. ಜಿಂಬಾಬ್ವೆಯ ಹರಾರೆಯಲ್ಲಿ ಆಸ್ಪತ್ರೆಗೆ ಬರಲು ಬಸ್ ಚಾರ್ಜಿಲ್ಲದ ಒಬ್ಬ ತರುಣಿ ಜೀವ ಕಳೆದುಕೊಂಡಳು. ಅವಳ ವೈದ್ಯರಾಗಿದ್ದ ಡಿಕ್ಸನ್ ಚಿಬಾಂಡಾ 2006ರಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿನ ಜನ ತಮ್ಮ ಕಾಯಿಲೆಗೆ 'ಅತಿಯಾಗಿ ಯೋಚಿಸುವುದು' ಎಂಬ ತಮ್ಮದೇ ಶಬ್ದ ಬಳಸುತ್ತಾರೆ, ನಮ್ಮ ಮಂಡೆಬಿಸಿಯ ಹಾಗೆ. ಅಜ್ಜಿಯರು ಆ ಶಬ್ದದಿಂದಲೇ ಮಾತು ಆರಂಭಿಸಿದರು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಂಚಿಗೆ ಬಂದವರು ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು.

ಅಷ್ಟು ದೂರವೇಕೆ, ನಮ್ಮದೇ ಕಡಲಿನ ಗೋವಾವನ್ನು ನೋಡಿ. ಅಲ್ಲಿನ 'ಸಂಗಾತ್' ಸಂಸ್ಥೆ ವೈದ್ಯಕೀಯ ಓದಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯಿದ್ದವರಿಗೆ ಆರರಿಂದ ಎಂಟು ಭೇಟಿಗಳ ಮಾತಿನ ಚಿಕಿತ್ಸೆ ಕೊಡಿಸಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಖಿನ್ನತೆ ಇಳಿದದ್ದಷ್ಟೇ ಅಲ್ಲ, ಈ ಚಿಕಿತ್ಸೆ ಪಡೆದ ಹೆಂಗಸರು ಗಂಡನ ಹೊಡೆತ ಅನುಭವಿಸಿದ್ದೂ ಕಡಿಮೆಯಾಗಿತ್ತು. ನಾಲ್ಕು ಮಾತಿನಿಂದ ಗಂಡ ಬದಲಾದ ಎಂದು ಇದರಿಂದ ತೀರ್ಮಾನಿಸುವುದು ಬೇಡ. ಕುಸಿದು ಕೂತವಳು ಎದ್ದು ನಿಂತಾಗ ಮನೆಯ ಲೆಕ್ಕಾಚಾರ ಬದಲಾಗುತ್ತದೆ ಎಂದಷ್ಟೇ ನನ್ನ ಊಹೆ.

ಕರ್ನಾಟಕಕ್ಕೂ ಇದು ಹೊಸದಲ್ಲ. ನಿಮ್ಹಾನ್ಸ್ 1985ರಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸಲು ಕಲಿಸಿತು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದರೆ ಜಿಲ್ಲೆಗೆ ಇಳಿದು ಬಂದದ್ದು ಹೆಚ್ಚಾಗಿ ಮಾತ್ರೆ, ಮಾತಲ್ಲ. ಮಾತ್ರೆ ಬೇಕಾದವರಿಗೆ ಮಾತ್ರೆ ಸಿಗಲಿ, ವಾದವಿಲ್ಲ. ಹೊಡೆತ ತಿಂದವಳಿಗೆ ನಿದ್ದೆ ಮಾತ್ರೆ ಮಾತ್ರ ಕೊಟ್ಟು ಕಳಿಸಿದರೆ ಹೊಡೆಯುವವನಿಗೆ ಅನುಕೂಲ.

ಬೆಂಗ್ರೆಯ ಆಶಾ ಕಾರ್ಯಕರ್ತೆಯರು, ಅಂಗನವಾಡಿಯ ಅಕ್ಕಂದಿರು, ಮೀನು ಮಾರುವ ಹಿರಿಯ ಹೆಂಗಸರು, ಬೀಡಿ ಕಟ್ಟುವವರು ಇವರಲ್ಲಿ ಕೇಳುವ ಗುಣ ಇರುವವರನ್ನು ಆರಿಸಿ ತರಬೇತಿ ಕೊಡಬೇಕು. ಅವರ ಮೇಲೆ ನುರಿತ ಮನಶ್ಶಾಸ್ತ್ರಜ್ಞರ ನಿಗಾ ಇರಬೇಕು. ಸಂಬಳವೂ ಇರಬೇಕು, ಹೆಂಗಸರ ಸೇವೆಯೆಂದರೆ ಬಿಟ್ಟಿ ಎಂಬ ಸರ್ಕಾರದ ಅಭ್ಯಾಸ ಇಲ್ಲಿ ಬೇಡ. ಮಾತು ತುಳುವಿನಲ್ಲಿ, ಬ್ಯಾರಿಯಲ್ಲಿ ನಡೆಯಬೇಕು. ಅಳು ಬರುವುದು ಮನೆಯ ಭಾಷೆಯಲ್ಲಿ. ಕೇಳಿದ್ದನ್ನು ಹೊರಗೆ ಹೇಳದಿರುವುದು ಮೊದಲ ಶರತ್ತು, ಇಷ್ಟು ಚಿಕ್ಕ ಜಾಗದಲ್ಲಿ ಅದೇ ಎಲ್ಲಕ್ಕಿಂತ ಕಷ್ಟದ್ದು. ಆದ್ದರಿಂದ ಕಸಬಾ ಬೆಂಗ್ರೆಯವಳಿಗೆ ತೋಟ ಬೆಂಗ್ರೆಯವಳು ಕೇಳಲಿ, ಅವಳಿಗೆ ಇವಳು. ಜಾಗ ಅಂಗನವಾಡಿಯೋ ಲಸಿಕೆ ಹಾಕುವ ಕೋಣೆಯೋ ಆಗಿರಲಿ. ಅಲ್ಲಿಗೆ ಹೋದವಳನ್ನು ಯಾರೂ ಏಕೆ ಎಂದು ಕೇಳುವುದಿಲ್ಲ. ಕೇಳುವವಳ ಕೈಯಲ್ಲಿ ಸಂರಕ್ಷಣಾಧಿಕಾರಿಯ ವಿಳಾಸ, ಸಖಿ ಕೇಂದ್ರದ ದಾರಿ, ಒಂದು ರಾತ್ರಿ ತಂಗುವ ಜಾಗದ ಮಾಹಿತಿ ಇಲ್ಲದಿದ್ದರೆ ಅವಳ ಕಿವಿಯಿಂದ ಪ್ರಯೋಜನವಿಲ್ಲ.

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಮನೆಯವರು ಪೊಲೀಸರಿಗೆ ಹೆದರಿ ಮುಚ್ಚಿಡುವುದು ಇನ್ನೂ ನಿಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೇ ಕಲಮು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ಕೊಡಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡ ಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಇದನ್ನು ಪ್ರತಿ ಮನೆಗೂ ಹೇಳಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ 14416 ಮತ್ತು ಮಹಿಳಾ ಸಹಾಯವಾಣಿ 181, ಇವೆರಡನ್ನು ಪಡಿತರ ಅಂಗಡಿಯ ಗೋಡೆಯ ಮೇಲೆ, ದೋಣಿ ಹತ್ತುವ ಜಾಗದಲ್ಲಿ ದೊಡ್ಡದಾಗಿ ಬರೆಸಬೇಕು. ಫೋನು ಗಂಡನ ಜೇಬಿನಲ್ಲಿರುವವಳಿಗೆ ಅದೂ ಸಾಲದು, ಆಗ ಪಕ್ಕದ ಮನೆಯ ಫೋನು ಬೇಕು.

ತರಬೇತಿಯನ್ನು ಮೇ ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗಂಡಸರು ಮನೆಯಲ್ಲಿರುತ್ತಾರೆ, ಕೈಯಲ್ಲಿ ಕಾಸಿರುವುದಿಲ್ಲ, ಹೊರಗೆ ಬಿಡದೆ ಸುರಿಯುವ ಮಳೆ. ಆ 61 ದಿನಗಳಲ್ಲಿ ಅಂಗನವಾಡಿಯ ಬಾಗಿಲು ಮಧ್ಯಾಹ್ನದ ಮೇಲೂ ತೆರೆದಿರಲಿ.