ಅದಿರಿಗೆ ಅವಸರ, ಮನುಷ್ಯನಿಗೆ ಕಾಯುವ ಶಿಕ್ಷೆ

ರೈಲ್ವೆ ಟಿಕೆಟಿನ ಮೇಲೆ 2016ರಿಂದ ಒಂದು ಸಾಲು ಅಚ್ಚಾಗತೊಡಗಿತು: ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ. 57ರಷ್ಟು ಮಾತ್ರ ವಸೂಲಾಗುತ್ತಿದೆ. ಹಣ ಕೊಟ್ಟು ಹತ್ತಿದವನಿಗೂ 'ನೀನು ನಮ್ಮ ಋಣದಲ್ಲಿದ್ದೀಯೆ' ಎಂದು ನೆನಪಿಸುವ ಸಾಲು ಅದು. ಉಳಿದದ್ದನ್ನು ಸರಕು ಸಾಗಣೆಯ ಗಳಿಕೆಯಿಂದ ತುಂಬುತ್ತೇವೆ ಎನ್ನುತ್ತದೆ ಇಲಾಖೆ. ಲೆಕ್ಕ ಸುಳ್ಳಲ್ಲ. ಆದರೆ ಲೆಕ್ಕವೇ ನೀತಿಯಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಾಸನ-ಮಂಗಳೂರು ಹಳಿಯೇ ಸಾಕ್ಷಿ.

1979ರಲ್ಲಿ ಘಾಟಿ ಇಳಿದು ಕರಾವಳಿ ಮುಟ್ಟಿದ ಆ ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದರು. ಮತ್ತೆ ತೆರೆದದ್ದು 2006ರಲ್ಲಿ, ಅದೂ ಗೂಡ್ಸ್ ಗಾಡಿಗಳಿಗೆ. ಚೀನಾಕ್ಕೆ ಹೊರಟ ಅದಿರಿಗೆ ಬಂದರು ಸೇರುವ ಅವಸರವಿತ್ತು. ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಕೂಲಿಗೆ, ಓದಿಗೆ, ಆಸ್ಪತ್ರೆಗೆ ಹೊರಟ ಜನ ಶಿರಾಡಿ ಘಾಟಿಯ ಗುಂಡಿಗಳಲ್ಲಿ ಬಸ್ಸಿನೊಳಗೆ ಮೈ ನುಗ್ಗಾಗಿಸಿಕೊಂಡರು.

'ಜೀವದ ಪ್ರಶ್ನೆ, ಸುರಕ್ಷತೆಯ ಪರೀಕ್ಷೆ ಬೇಡವೇ?' ಎಂದು ಕೇಳಬಹುದು. ಖಂಡಿತ ಬೇಕು. 50 ಮೀಟರಿಗೆ 1 ಮೀಟರ್ ಇಳಿಯುವ ಘಾಟಿ, 57 ಸುರಂಗಗಳು, ಮಳೆಗಾಲದಲ್ಲಿ ಕುಸಿಯುವ ಗುಡ್ಡ. ಆದರೆ ಆ ಗೂಡ್ಸ್ ಗಾಡಿಯ ಚಾಲಕ, ಗಾರ್ಡು, ಹಳಿ ಕಾಯುವ ಗ್ಯಾಂಗ್‌ಮನ್ ಇವರೆಲ್ಲ ಮನುಷ್ಯರಲ್ಲವೇ?

2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. ಅವಸರದ ಗಿರಾಕಿ ಕೈಬಿಟ್ಟ. ಕಾಯುತ್ತಿದ್ದ ಮುಸಾಫಿರ ಮಾತ್ರ ಇಂದಿಗೂ ಪ್ಲಾಟ್‌ಫಾರಂ ಮೇಲೇ ಇದ್ದಾನೆ. ಯಾರು ನೆಚ್ಚಿಕೆಯ ಗಿರಾಕಿ, ನೀವೇ ಹೇಳಿ.

ಇದು ನಮ್ಮ ಘಾಟಿಯ ಕತೆ ಮಾತ್ರವಲ್ಲ. 2022ರ ಬೇಸಗೆಯಲ್ಲಿ ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ಒಯ್ಯಲೆಂದು ದೇಶದಲ್ಲಿ ಪ್ರಯಾಣಿಕ ರೈಲುಗಳ ನೂರಾರು ಓಡಾಟಗಳನ್ನು ರದ್ದು ಮಾಡಿದರು. ದೀಪ ಉರಿಯಬೇಕು, ನಿಜ. ಆದರೆ ಬಿಕ್ಕಟ್ಟು ಬಂದಾಗ ಮೊದಲು ಕೆಳಗಿಳಿಯಬೇಕಾದವನು ಬಡ ಪ್ರಯಾಣಿಕನೇ ಏಕೆ?

ದಾರಿ ಇಲ್ಲವೆಂದಲ್ಲ. ಸರಕಿಗೇ ಪ್ರತ್ಯೇಕ ಹಳಿ ಹಾಕುವ ಯೋಜನೆಯಲ್ಲಿ ಲುಧಿಯಾನಾದಿಂದ ಬಿಹಾರದ ಸೋನ್‌ನಗರದವರೆಗಿನ ಪೂರ್ವ ಕಾರಿಡಾರ್ 2023ರಲ್ಲಿ ಮುಗಿದಿದೆ. ಗೂಡ್ಸ್ ಗಾಡಿಗಳು ಅತ್ತ ಸರಿದಂತೆ ಹಳೆಯ ಹಳಿಯಲ್ಲಿ ಜಾಗ ತೆರವಾಗುತ್ತದೆ. ಆ ಜಾಗ ಯಾರಿಗೆ? ಹವಾನಿಯಂತ್ರಿತ ವಂದೇ ಭಾರತಕ್ಕೋ, ಬಾಗಿಲಿಗೆ ಜೋತುಬಿದ್ದ ಸಾಮಾನ್ಯ ಬೋಗಿಯವನಿಗೋ? ಪ್ರಯಾಣಿಕ ರೈಲಿನ ಭವಿಷ್ಯ ನಿಂತಿರುವುದು ಈ ಉತ್ತರದ ಮೇಲೆ.

ಟಿಕೆಟಿನ ಮೇಲೆ ನಮ್ಮ ಬಾಕಿಯನ್ನು ಅಚ್ಚು ಹಾಕಿದವರು, ನಮಗೆ ಕೊಡಬೇಕಾದ ಆ ಹನ್ನೊಂದು ವರ್ಷಗಳನ್ನೂ ಅದೇ ಸಾಲಿನ ಕೆಳಗೆ ಬರೆಯಲಿ.