ಸೈಟು ಮಾರುವ ಮುನ್ನ ಒಂದು ಪ್ರಶ್ನೆ

ಗೆಳೆಯನ ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ದಿನ ಅವನು ನನ್ನನ್ನು ಕೇಳಿದ: ‘ಸೈಟು ಮಾರಿ ಚೆನ್ನೈಗೆ ಕರ್ಕೊಂಡು ಹೋಗ್ಲಾ? ಅಲ್ಲಿ ಪ್ರೋಟಾನ್ ಚಿಕಿತ್ಸೆ ಇದೆಯಂತೆ.’ ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನ ಓದುವ ನನಗೆ ಉತ್ತರ ಗೊತ್ತಿರುತ್ತದೆಂದು ಅವನ ನಂಬಿಕೆ.

ತತ್ವ ಗೊತ್ತಿತ್ತು. ಎಕ್ಸ್-ರೇ ಕಿರಣ ಗೆಡ್ಡೆಯನ್ನು ದಾಟಿ ಆಚೆಗೂ ಹೋಗುತ್ತದೆ. ದಾರಿಯಲ್ಲಿರುವ ಆರೋಗ್ಯವಂತ ಅಂಗಗಳಿಗೂ ಪೆಟ್ಟು. ಪ್ರೋಟಾನ್ ನಿಗದಿತ ಆಳದಲ್ಲಿ ಹೆಚ್ಚಿನ ಶಕ್ತಿ ಸುರಿದು ಅಲ್ಲೇ ನಿಲ್ಲುತ್ತದೆ. ಹೃದಯದ ಪಕ್ಕದ ಗೆಡ್ಡೆಗೆ ಇದು ಅನುಕೂಲ. 1946ರಲ್ಲಿ ರಾಬರ್ಟ್ ವಿಲ್ಸನ್ ಮುಂದಿಟ್ಟ ಈ ವಿಚಾರ, 2019ರಲ್ಲಿ ಚೆನ್ನೈನ ಅಪೋಲೊ ಕೇಂದ್ರದ ಮೂಲಕ ನಮ್ಮ ದೇಶಕ್ಕೆ ಬಂತು. ನವಿ ಮುಂಬೈನ ಟಾಟಾ ಸ್ಮಾರಕ ಕೇಂದ್ರದಲ್ಲೂ ಈಗ ಲಭ್ಯವಿದೆ.

ಆದರೆ ಶ್ವಾಸಕೋಶ ಪ್ರತಿ ಉಸಿರಿಗೂ ಅಲುಗುತ್ತದೆ. ಗುರಿ ಸ್ವಲ್ಪ ಸರಿದರೂ ಪ್ರೋಟಾನ್ ತಪ್ಪು ಜಾಗದಲ್ಲಿ ನಿಲ್ಲಬಹುದು. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹಳೆಯ ತಂತ್ರದ ಪ್ರೋಟಾನ್ ಚಿಕಿತ್ಸೆ ಆಧುನಿಕ ಎಕ್ಸ್-ರೇ ಚಿಕಿತ್ಸೆಗಿಂತ ಮೇಲೆಂದು ಸಾಬೀತಾಗಲಿಲ್ಲ. ಹೊಸ ತಂತ್ರದ ಪರೀಕ್ಷೆ ಇನ್ನೂ ನಡೆದಿದೆ.

ಹಾಗಾಗಿ ‘ವೈದ್ಯರನ್ನು ಮೊದಲು ಒಂದು ಮಾತು ಕೇಳು, ಕಾಯಿಲೆ ಎಷ್ಟು ಹರಡಿದೆ ಅಂತ’ ಎಂದೆ. ಅದು ಪಿತ್ತಜನಕಾಂಗ ತಲುಪಿತ್ತು. ಒಂದೆಡೆ ಗುರಿಯಿಡುವ ಕಿರಣಕ್ಕೆ ಅಲ್ಲಿ ಹೆಚ್ಚು ಕೆಲಸವಿರಲಿಲ್ಲ. ದೇಹವಿಡೀ ತಲುಪುವ ಔಷಧವೇ ಬೇಕಿತ್ತು. ಸೈಟು ಉಳಿಯಿತು. ಆದರೆ ಆರು ತಿಂಗಳ ಕೆಮ್ಮನ್ನು ‘ಬೀಡಿ ಕೆಮ್ಮು’ ಎಂದು ತಳ್ಳಿಹಾಕಿದ ಕಾಲ ಮರಳಿ ಬರಲಿಲ್ಲ.

ದುಬಾರಿ ಯಂತ್ರ ಕರ್ನಾಟಕಕ್ಕೂ ಬರಲಿ. ಅದಕ್ಕೂ ಮೊದಲು, ಮೂರು ವಾರ ದಾಟಿದ ಕೆಮ್ಮಿಗೆ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನಮ್ಮದು.