ಕಟ್ಟೋಕೆ ದುಡ್ಡುಂಟು, ಬಿದ್ದರೆ ಪರಿಹಾರ ಉಂಟು, ನಿಂತ ಮನೆಗೆ ತೇಪೆಯೇ ಗತಿ

ಮಳೆಗಾಲ ಬಂತೆಂದರೆ ನಮ್ಮಂಥ ಬಿಡಿ ವರದಿಗಾರರು ತಪ್ಪದೆ ಬರೆಯುವ ಸುದ್ದಿ ಒಂದಿದೆ: ‘ಗೋಡೆ ಕುಸಿದು ವೃದ್ಧೆ ಸಾವು’. ಊರಿನ ಹೆಸರು ಬದಲಾಗುತ್ತದೆ, ಉಳಿದ ಸಾಲು ಹಾಗೇ ಇರುತ್ತದೆ. ಅಧಿಕಾರಿಗಳು ಬಂದು ಮಹಜರು ಮಾಡಿ ಹೋಗುತ್ತಾರೆ. ಹೋಗುವಾಗ ಒಂದು ಮಾತು ಬಿಟ್ಟು ಹೋಗುತ್ತಾರೆ. ಗೋಡೆ ಬಿರುಕು ಬಿಟ್ಟಿದ್ದು ಕಾಣುತ್ತಿತ್ತಲ್ಲ, ಸರಿಯಾಗಿ ರಿಪೇರಿ ಮಾಡಿಸಬಾರದಿತ್ತೇ? ಹಳ್ಳಿ ಜನಕ್ಕೆ ತಿಳಿವಳಿಕೆ ಕಡಿಮೆ, ಎಲ್ಲದಕ್ಕೂ ತೇಪೆ ಹಚ್ಚುತ್ತಾರೆ.

ಈ ಮಾತನ್ನು ನಾವು ಒಪ್ಪುವುದಿಲ್ಲ. ಮಾಳಿಗೆ ಮೇಲೆ ತಾಡಪತ್ರಿ ಹೊದಿಸಿ ನಾಲ್ಕು ಕಲ್ಲು ಇಡುವ ಮನುಷ್ಯನಿಗೆ ಅದು ತೇಪೆ ಎಂದು ಚೆನ್ನಾಗಿ ಗೊತ್ತು. ಮುಂದಿನ ವರ್ಷ ಮತ್ತೆ ಸೋರುತ್ತದೆ ಎಂದೂ ಗೊತ್ತು. ಗೊತ್ತಿದ್ದೂ ಯಾಕೆ ಹಾಗೆ ಮಾಡುತ್ತಾನೆ? ಕೇಳಬೇಕಾದ ಪ್ರಶ್ನೆ ಅದು. ಉತ್ತರ ಹುಡುಕುತ್ತಾ ಹೋದರೆ ಆ ಮನೆಯ ಬಾಗಿಲಿಗಿಂತ ತಾಲ್ಲೂಕು ಕಚೇರಿ, ಬ್ಯಾಂಕು, ವಿಧಾನಸೌಧದ ಬಾಗಿಲೇ ಮೊದಲು ಸಿಗುತ್ತದೆ.

ತೇಪೆ ಮನೆಯನ್ನು ತಿನ್ನುವ ಬಗೆ

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇವೆ. ತೇಪೆ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ. ಅದು ಮನೆಯನ್ನು ಒಳಗಿಂದ ತಿನ್ನುತ್ತದೆ.

ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿ. ತೊಲೆ, ಜಂತೆ, ಅದರ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ, ಅದರ ಮೇಲೆ ಮಣ್ಣು. ಸೋರಿದಾಗೆಲ್ಲ ಮೇಲೆ ಒಂದಿಷ್ಟು ಹೊಸ ಮಣ್ಣು ಹಾಕುತ್ತೇವೆ. ಹಳೇ ಮಣ್ಣು ಇಳಿಸುವುದಿಲ್ಲ. ವರ್ಷ ವರ್ಷ ಮಣ್ಣು ಏರುತ್ತದೆ, ಕೆಳಗೆ ತೊಲೆಯನ್ನು ಗೆದ್ದಲು ತಿನ್ನುತ್ತಿರುತ್ತದೆ. ಒಂದು ರಾತ್ರಿ ಜಡಿಮಳೆ ಹಿಡಿದು ಮಣ್ಣೆಲ್ಲ ನೀರು ಕುಡಿದು ಭಾರವಾದಾಗ ತೊಲೆ ಮುರಿಯುತ್ತದೆ. ಜನ ಮಲಗಿರುವ ಹೊತ್ತು ಅದು.

ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತುವುದು ಇನ್ನೊಂದು. ನೆಲದ ತೇವ ಗೋಡೆಗೆ ಏರುತ್ತದೆ. ಬರೀ ಮಣ್ಣಿನ ಗೋಡೆ ಬಿಸಿಲು ಬಿದ್ದಾಗ ಆ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಿತ್ತೋ, ತೇವ ಒಳಗೇ ನಿಲ್ಲುತ್ತದೆ. ಹೊರಗೆ ಗಟ್ಟಿಯಾಗಿ, ನುಣ್ಣಗೆ ಕಾಣುವ ಗೋಡೆ ಒಳಗೆ ಮೆತ್ತಗಾಗುತ್ತಾ ಹೋಗುತ್ತದೆ. ಮಣ್ಣಿನ ಗೋಡೆಗೆ ಬೇಕಾದ್ದು ಮಣ್ಣು ಅಥವಾ ಸುಣ್ಣದ ಗಿಲಾವು, ಜೊತೆಗೆ ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು.

ಆರ್‌ಸಿಸಿ ಮನೆಯವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಸ್ಲ್ಯಾಬಿನೊಳಗೆ ನೀರು ಇಳಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿ ತನ್ನ ಸುತ್ತಲ ಕಾಂಕ್ರೀಟನ್ನೇ ಒಡೆಯುತ್ತದೆ. ಚಾವಣಿಯಿಂದ ಚಕ್ಕೆ ಉದುರುವುದು ಅದಕ್ಕೇ. ನಾವು ಉದುರಿದ ಜಾಗಕ್ಕೆ ಕೆಳಗಿಂದ ಸಿಮೆಂಟು ಮೆತ್ತಿ ಬಣ್ಣ ಬಳಿಯುತ್ತೇವೆ. ಮೇಲಿನ ನೀರು ನಿಂತಿಲ್ಲ, ಸರಳಿನ ತುಕ್ಕು ಕೆರೆದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತಿದ್ದೂ ಉದುರುತ್ತದೆ, ಪಕ್ಕದ್ದನ್ನೂ ಸೇರಿಸಿಕೊಂಡು.

ದುಡ್ಡು ಬರುವ ರೀತಿಯೇ ತೇಪೆಯದು

ಒಂದು ಅಂದಾಜು ಲೆಕ್ಕ ಹಾಕಿ. ತಾಡಪತ್ರಿ, ಎರಡು ಚೀಲ ಸಿಮೆಂಟು, ಒಂದು ದಿನದ ಆಳು ಸೇರಿ ವರ್ಷಕ್ಕೆ ನಾಲ್ಕು ಸಾವಿರ ಅಂದುಕೊಳ್ಳಿ. ಹತ್ತು ವರ್ಷಕ್ಕೆ 40 ಸಾವಿರ ಆಯಿತು. ಅದನ್ನೇ ಒಮ್ಮೆಗೇ ಹಾಕಿದ್ದರೆ ಮಾಳಿಗೆಯ ಹಳೇ ಮಣ್ಣು ಇಳಿಸಿ, ಕೆಟ್ಟ ತೊಲೆ ಬದಲಿಸಿ ಅಚ್ಚುಕಟ್ಟು ಮಾಡಬಹುದಿತ್ತು. ಹಾಗಾದರೆ ಬಡವ ಲೆಕ್ಕ ಬಾರದವನೇ?

ಅಲ್ಲ. ನಾಲ್ಕು ಸಾವಿರ ಅವನ ಕೈಗೆ ಬರುತ್ತದೆ, 40 ಸಾವಿರ ಒಟ್ಟಿಗೆ ಬರುವುದೇ ಇಲ್ಲ. ಮೇ ತಿಂಗಳಲ್ಲಿ ಒಂದಿಷ್ಟು ಕೂಡಿತು ಅನ್ನುವಷ್ಟರಲ್ಲಿ ಬೀಜ, ಗೊಬ್ಬರ, ಮಕ್ಕಳ ಶಾಲೆ ಫೀಜು ಸಾಲಾಗಿ ನಿಂತಿರುತ್ತವೆ. ಮನೆ ಸೋರುವುದೂ ಆಗಲೇ. ಅವನಿಗೆ ಉಳಿಯುವ ದಾರಿ ಈ ಮಳೆಗಾಲ ದಾಟಿಸುವುದು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಗಾದೆ ಇಂಥವರ ಮನೆಯಲ್ಲೇ ಹುಟ್ಟಿರಬೇಕು.

ಸಾಲ ತರಲಿ ಅನ್ನುತ್ತೀರಾ? ಬ್ಯಾಂಕಿಗೆ ಹೋದರೆ ಮೊದಲು ಕೇಳುವುದು ಇ-ಸ್ವತ್ತು, ನಮೂನೆ 9 ಮತ್ತು 11. ಊರೊಳಗಿನ ಎಷ್ಟೋ ಮನೆಗಳ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ. ಪಾಲಾಗಿಲ್ಲ. ಒಬ್ಬ ತಮ್ಮ ಬೆಂಗಳೂರಿನಲ್ಲಿ, ಇನ್ನೊಬ್ಬ ಗೋವಾದಲ್ಲಿ. ಊರಲ್ಲಿ ಉಳಿದ ಅಣ್ಣ ಸ್ವಂತ ದುಡ್ಡು ಹಾಕಿ ಗಟ್ಟಿ ಮಾಡಿಸಿದರೆ ನಾಳೆ ಪಾಲಿನ ಹೊತ್ತಿಗೆ ಅದರಲ್ಲಿ ಮೂವರಿಗೂ ಹಕ್ಕು. ಅವನೇಕೆ ಹಾಕುತ್ತಾನೆ? ಉಳಿದಿಬ್ಬರೇಕೆ ಕಳಿಸುತ್ತಾರೆ? ಕೊನೆಗೆ ಅತ್ತಿಗೆ ಪಾತ್ರೆ ಇಡುತ್ತಾಳೆ, ಸೋರುವ ಕಡೆ ಒಂದೊಂದು. ಮಳೆಯ ರಾತ್ರಿ ಆ ಪಾತ್ರೆಗಳನ್ನು ಬರಿದು ಮಾಡುವವಳೂ ಅವಳೇ. ರಿಪೇರಿ ಮಾಡಿಸಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರುವುದಿಲ್ಲ.

ಸರ್ಕಾರದ ಲೆಕ್ಕದಲ್ಲಿ ರಿಪೇರಿ ಇಲ್ಲ

ಈಗ ಸರ್ಕಾರದ ಕಡೆ ಬರೋಣ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಶುರುವಾಗಿದ್ದು 2016ರಲ್ಲಿ. ಬಯಲು ಸೀಮೆಯಲ್ಲಿ ಮನೆಗೆ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಅದೇ ಮೊತ್ತ. ಸಿಮೆಂಟು, ಕಬ್ಬಿಣದ ದರ ಹಾಗೇ ನಿಂತಿದೆಯೇ? ಅದೂ ಹೊಸ ಮನೆಗೆ ಮಾತ್ರ. ಹಿಂದಿನ ಇಂದಿರಾ ಆವಾಸ್ ಯೋಜನೆಯಲ್ಲಿ ಕಚ್ಚಾ ಮನೆಯನ್ನು ಗಟ್ಟಿ ಮಾಡಿಕೊಳ್ಳಲು ಅನುದಾನದ ಶೇ.20ರಷ್ಟು ಬಳಸುವ ಅವಕಾಶ ಇತ್ತು. ಈಗಿನದರಲ್ಲಿ ಅದಿಲ್ಲ. ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಆಶ್ರಯ ಮನೆ ಸಿಕ್ಕವರ ಗತಿಯನ್ನೂ ನೋಡಿ. ಚಾವಣಿಯ ಸರಳು ಹೊರಗೆ ಕಾಣುತ್ತಿದ್ದರೂ ಕಾಗದದ ಮೇಲೆ ಅದು ‘ಪಕ್ಕಾ ಮನೆ’. ಪಕ್ಕಾ ಮನೆ ಇದ್ದವರಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ಮಳೆಗೆ ಹಾನಿಯಾದರೆ? 2022–26ರ ಅವಧಿಗೆ ಕೇಂದ್ರ ಗೃಹ ಸಚಿವಾಲಯ ನಿಗದಿ ಮಾಡಿದ ವಿಪತ್ತು ಪರಿಹಾರದ ದರ ಹೀಗಿದೆ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ. ಕಚ್ಚಾ ಮನೆಗೆ 4,000 ರೂಪಾಯಿ. ಅದೂ ಹಾನಿ ಕನಿಷ್ಠ ಶೇ.15 ಇದ್ದರೆ. ಪೂರ್ತಿ ಬಿದ್ದರೆ ಬಯಲು ಸೀಮೆಯಲ್ಲಿ 1.20 ಲಕ್ಷ. ಒಳಗಿದ್ದ ಮನುಷ್ಯ ಸತ್ತರೆ ಕುಟುಂಬಕ್ಕೆ 4 ಲಕ್ಷ.

ಈ ನಾಲ್ಕು ಅಂಕಿಗಳನ್ನು ಇನ್ನೊಮ್ಮೆ ಓದಿ. ಮನೆ ಎಷ್ಟು ಕೆಟ್ಟರೆ ಅಷ್ಟು ಹೆಚ್ಚು ದುಡ್ಡು. ಬೀಳದಂತೆ ನೋಡಿಕೊಂಡವನಿಗೆ ಸೊನ್ನೆ.

ಇದರ ಪರಿಣಾಮ 2019ರ ನೆರೆಯ ನಂತರ ನಮ್ಮ ಭಾಗದಲ್ಲಿ ಕಣ್ಣಿಗೆ ಕಂಡಿತು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತು. ಎ, ಬಿ, ಸಿ ಎಂದು ಮನೆಗಳಿಗೆ ವರ್ಗ ಹಾಕಿದರು. ಮನೆ ಕಳೆದುಕೊಂಡವರಿಗೆ ಅದು ದೊಡ್ಡ ಆಸರೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಅವತ್ತಿನಿಂದ ಊರೂರಲ್ಲಿ ಒಂದು ಬುದ್ಧಿಮಾತು ಓಡಾಡುತ್ತಿದೆ: ಸರ್ವೆ ಮಾಡುವವರು ಬಂದು ಫೋಟೊ ತೆಗೆಯುವ ತನಕ ಗೋಡೆ ಮುಟ್ಟಬೇಡ, ರಿಪೇರಿ ಮಾಡಿಸಿದರೆ ಸಿ ಕೂಡ ಸಿಗುವುದಿಲ್ಲ. ಈ ಮಾತು ಕೇಳಿ ಜನ ಬಿರುಕು ಬಿಟ್ಟ ಗೋಡೆಯ ಪಕ್ಕದಲ್ಲೇ ಮಲಗಿದ್ದಾರೆ. ತಿಳಿವಳಿಕೆ ಇಲ್ಲದೆ ಅಲ್ಲ, ಸರ್ಕಾರದ ನಿಯಮವನ್ನು ಸರಿಯಾಗಿ ತಿಳಿದುಕೊಂಡೇ.

ಇಷ್ಟಕ್ಕೂ ತೇಪೆಯ ವಿದ್ಯೆಯಲ್ಲಿ ಸರ್ಕಾರವೇ ನಮಗೆ ಗುರು. ಊರೊಳಗಿನ ಸಿಸಿ ರಸ್ತೆ ನೋಡಿ. ಹಳೇ ಕಾಂಕ್ರೀಟು ಅಗೆಯದೆ ಅದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು. ರಸ್ತೆ ಏರುತ್ತಾ ಹೋಗಿ ಹೊಸ್ತಿಲು ತಗ್ಗಿಗೆ ಬಿದ್ದಿದೆ. ರಸ್ತೆಯ ಮಳೆನೀರು ಗೋಡೆ ಬುಡಕ್ಕೆ ಬರುತ್ತದೆ. ಆ ಗೋಡೆ ಬಿದ್ದಾಗ ಮನೆಯವನಿಗೆ ತಿಳಿವಳಿಕೆ ಇಲ್ಲ ಅನ್ನುತ್ತಾರೆ!

ಸಣ್ಣ ಕೆಲಸಕ್ಕೆ ಗೌಂಡಿ ಸಿಗಲ್ಲ

ದುಡ್ಡು ಹೊಂದಿಸಿದವರಿಗೂ ಒಂದು ಕಷ್ಟವಿದೆ. ಕೈ ಪಳಗಿದ ಗೌಂಡಿಗಳು ಬೆಂಗಳೂರು, ಗೋವಾ ಹಿಡಿದಿದ್ದಾರೆ. ಊರಲ್ಲಿ ಉಳಿದವರಿಗೆ ಎರಡು ದಿನದ ರಿಪೇರಿಗಿಂತ ಎರಡು ತಿಂಗಳ ಹೊಸ ಮನೆ ಗುತ್ತಿಗೆ ಲೇಸು. ಅವರನ್ನು ಬೈದು ಫಲವಿಲ್ಲ, ಅವರಿಗೂ ಹೊಟ್ಟೆಯಿದೆ. ಮಾಳಿಗೆಯ ಮಣ್ಣು ಹದ ಮಾಡುವುದು, ಸುಣ್ಣ ಅರೆದು ಗಿಲಾವು ಮಾಡುವುದು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹೊಸಬರು ಕಲಿತಿರುವುದು ಸಿಮೆಂಟು ಒಂದೇ. ಹಾಗಾಗಿ ರಿಪೇರಿ ಅಂದರೆ ಸಿಮೆಂಟು ಮೆತ್ತುವುದು ಎಂದಾಗಿದೆ. ದುಡ್ಡು ಕೊಟ್ಟೂ ಸಿಗುವುದು ತೇಪೆಯೇ.

ಇಷ್ಟು ಮಾತ್ರ ನಮ್ಮ ಕೈಲಿದೆ

ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟುತ್ತೀರಲ್ಲ ಎಂದು ಕೇಳುವವರಿದ್ದಾರೆ. ಒಂದು ವಿಷಯದಲ್ಲಿ ಅವರ ಮಾತು ಸರಿ. ಕರೆಂಟಿನ ತೇಪೆಗೆ ಬಡತನದ ನೆಪ ನಡೆಯುವುದಿಲ್ಲ. ಫ್ಯೂಸ್ ಹೋದಾಗ ದಪ್ಪ ತಾಮ್ರದ ತಂತಿ ಕಟ್ಟುವುದು, ಪಿನ್ ಇಲ್ಲದೆ ಬರೀ ವೈರಿನ ತುದಿಯನ್ನು ಸಾಕೆಟಿಗೆ ಸಿಕ್ಕಿಸುವುದು, ಬಟ್ಟೆ ಒಣಹಾಕುವ ತಂತಿಯ ಪಕ್ಕವೇ ಸರ್ವಿಸ್ ವೈರು ಎಳೆಯುವುದು, ಅರ್ಥಿಂಗ್ ಇಲ್ಲದೆ ನೀರಿನ ಮೋಟರು ಓಡಿಸುವುದು. ಇವನ್ನು ಸರಿ ಮಾಡಲು ಲಕ್ಷ ಬೇಡ. ಸರಿಯಾದ ಫ್ಯೂಸ್ ತಂತಿಗೆ ಚಹಾದ ದುಡ್ಡು ಸಾಕು. ಶಾಕ್ ಹೊಡೆದ ಕ್ಷಣದಲ್ಲೇ ಕರೆಂಟು ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚಿಗೆ ಒಂದು ಮೊಬೈಲ್ ಫೋನಿನಷ್ಟು ಖರ್ಚೂ ಇಲ್ಲ. ಮಾಳಿಗೆ ರಿಪೇರಿ ಮುಂದಿನ ವರ್ಷಕ್ಕೆ ಹೋಗಬಹುದು, ಇದು ಇವತ್ತೇ ಆಗಬೇಕು.

ಉಳಿದದ್ದಕ್ಕೆ ನಾವು ಕೇಳಬೇಕಾದ್ದು ಇವು:

1. ವಸತಿ ಯೋಜನೆಗಳಲ್ಲಿ ರಿಪೇರಿಗೆ ಬೇರೆ ಅನುದಾನ ಇರಲಿ. ಹಿಂದೆ ಇತ್ತು, ಮತ್ತೆ ತರಲು ಅಡ್ಡಿಯೇನು? ಹಳೇ ಆಶ್ರಯ ಮನೆಗಳು ಅದರಲ್ಲಿ ಮೊದಲು ಬರಲಿ.

2. ಮಳೆಗೆ ಮುಂಚೆ, ಏಪ್ರಿಲ್‌ನಲ್ಲೇ ಪಂಚಾಯಿತಿಯಿಂದ ಅಪಾಯದ ಮನೆಗಳ ಸಮೀಕ್ಷೆ ಆಗಲಿ. ಬಿದ್ದ ಮೇಲೆ ಫೋಟೊ ತೆಗೆಯುವ ಮೊಬೈಲಿನಲ್ಲೇ ಬೀಳುವ ಮೊದಲೂ ತೆಗೆಯಬಹುದು.

3. ಜೀವ ಉಳಿಸಿಕೊಳ್ಳಲು ತುರ್ತು ರಿಪೇರಿ ಮಾಡಿಸಿದವರ ಪರಿಹಾರ ತಪ್ಪಬಾರದು. ಮೊದಲೇ ತೆಗೆದ ಫೋಟೊವನ್ನು ಒಪ್ಪಬೇಕು.

4. ಗೌಂಡಿ ತರಬೇತಿಯಲ್ಲಿ ಹಳೇ ಮನೆ ರಿಪೇರಿಯೂ ಪಾಠವಾಗಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ನಿರ್ಮಾಣ ವೆಚ್ಚದ ಶೇ.1ರಷ್ಟು ಸೆಸ್ ಬರುತ್ತದೆ. ಈ ಕಲಿಕೆಗೆ ಅಲ್ಲಿಂದ ಒಂದಿಷ್ಟು ಬರಲಿ.

5. ಹೊಸ ಸಿಸಿ ರಸ್ತೆ ಹಾಕುವ ಮುಂಚೆ ಹಳೆಯದನ್ನು ಅಗೆಯಬೇಕು. ಹೊಸ್ತಿಲಿಗಿಂತ ಮೇಲೆ ರಸ್ತೆ ಬಂದರೆ ಬಿಲ್ ಆಗಬಾರದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆ ಉಳಿಸಿಕೊಳ್ಳುವ ಕಷ್ಟದ ಬಗ್ಗೆ ಗಾದೆಯೂ ಇಲ್ಲ, ಯೋಜನೆಯೂ ಇಲ್ಲ. ಮುಂದಿನ ಗ್ರಾಮಸಭೆಯಲ್ಲಿ ಹೊಸ ಮನೆ ಯಾರಿಗೆ ಎಂಬ ಜಗಳ ಇದ್ದೇ ಇರುತ್ತದೆ. ಅದು ಮುಗಿದು ಎಲ್ಲರೂ ಏಳುವ ಮೊದಲು ನೀವು ಎದ್ದು ನಿಂತು, ನಿಮ್ಮ ಓಣಿಯಲ್ಲಿ ಸೋರುವ, ಬಿರುಕು ಬಿಟ್ಟ ಮನೆಗಳ ಪಟ್ಟಿ ಓದಿ. ಓದಿದ್ದು ನಡಾವಳಿ ಪುಸ್ತಕದಲ್ಲಿ ಬರೆದಾಗಿದೆಯೇ ಎಂದು ನೋಡಿಕೊಂಡೇ ಹೊರಗೆ ಬನ್ನಿ. ನಾಳೆ ಒಂದು ಗೋಡೆ ಬಿದ್ದರೆ, ಗೊತ್ತಿದ್ದೂ ರಿಪೇರಿ ಮಾಡಿಸಲಿಲ್ಲ ಯಾಕೆ ಎಂಬ ಪ್ರಶ್ನೆಯನ್ನು ಯಾರಿಗೆ ಕೇಳಬೇಕೋ ಅವರಿಗೇ ಕೇಳಲು ನಮಗೆ ಆ ಪುಸ್ತಕ ಬೇಕು.